ಗೋಡೆಯೊಳಗಿನ ತುಕ್ಕು: ಸತುವಿನ ಲೇಪನ ಕಲಿಸುವ ಪಾಠ

ಉಕ್ಕಿನ ಸಾಮಗ್ರಿಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರರಿಗೆ ಸತುವಿನ ಲೇಪನವು ವೆಚ್ಚದ ಒಂದು ಬಾಬತ್ತು. ಲೇಪನವನ್ನು ತುಸು ತೆಳುವಾಗಿಸಿದರೆ ದರದ ಪೈಪೋಟಿ ಸುಲಭವಾಗುತ್ತದೆ. ಆದರೆ ಈ ಉಳಿತಾಯದ ಬೆಲೆಯನ್ನು ಕೊನೆಗೆ ತೆರುವವರು ಯಾರು? ಬ್ರಿಟನ್ನಿನ ಹಳೆಯ ಮನೆಗಳು ಇದಕ್ಕೆ ಉತ್ತರ ನೀಡುತ್ತವೆ.

ಎರಡು ಮಹಾಯುದ್ಧಗಳ ನಡುವಣ ಅವಧಿಯಿಂದ ಅಲ್ಲಿ ಟೊಳ್ಳುಗೋಡೆಯ ಪದ್ಧತಿ ಸಾಮಾನ್ಯವಾಯಿತು. ಇಟ್ಟಿಗೆಯ ಎರಡು ಪದರಗಳ ನಡುವೆ ಸುಮಾರು 50 ಮಿ.ಮೀ. ಅಂತರವಿರುತ್ತದೆ. ಹೊರಪದರ ಮಳೆಗೆ ನೆನೆದರೂ ಒಳಪದರ ಒಣಗಿರುತ್ತದೆ. ಈ ತೆಳು ಪದರಗಳನ್ನು ಒಂದಾಗಿ ಹಿಡಿದಿಡುವುದು ಗಾರೆಯಲ್ಲಿ ಹುದುಗಿಸಿದ ಉಕ್ಕಿನ ಬಂಧಕಗಳು, ಅಂದರೆ 'ವಾಲ್ ಟೈ'ಗಳು. ಇವುಗಳನ್ನು ಸಾಮಾನ್ಯವಾಗಿ ಅಡ್ಡಲಾಗಿ 900 ಮಿ.ಮೀ. ಹಾಗೂ ಎತ್ತರದಲ್ಲಿ 450 ಮಿ.ಮೀ. ಅಂತರದಲ್ಲಿ ಇಡಲಾಗುತ್ತದೆ.

ತೇವಗೊಂಡ ಹೊರಪದರದ ಗಾರೆಯಲ್ಲಿ ಸತುವು ಕ್ರಮೇಣ ಕರಗುತ್ತದೆ. ಅನಂತರ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಕಲ್ಲಿದ್ದಲಿನ ಬೂದಿ ಬೆರೆಸಿದ ಕಪ್ಪು ಗಾರೆಯಲ್ಲಿ ಗಂಧಕದ ಅಂಶವಿರುವುದರಿಂದ ಈ ಕ್ರಿಯೆ ಇನ್ನೂ ವೇಗವಾಗುತ್ತದೆ. 1968ರಲ್ಲಿ ಬ್ರಿಟಿಷ್ ಮಾನಕವು ತಂತಿ ಬಂಧಕಗಳ ಲೇಪನದ ಪ್ರಮಾಣವನ್ನು ಇಳಿಸಿತು. ಲೇಪನವು ನಿರೀಕ್ಷೆಗಿಂತ ಬೇಗ ಸವೆಯುತ್ತದೆಂಬುದು ಕಂಡುಬಂದ ಮೇಲೆ 1981ರಲ್ಲಿ ಅದನ್ನು ಗಣನೀಯವಾಗಿ ಏರಿಸಲಾಯಿತು. ಆ ನಡುವೆ ಕಟ್ಟಿದ ಮನೆಗಳಲ್ಲಿ ಮಾತ್ರ ತೆಳು ಲೇಪನವೇ ಉಳಿಯಿತು.

ಹಾನಿಯ ಲಕ್ಷಣ ಎರಡು ಬಗೆ. ಮೀನಿನ ಬಾಲದಂತೆ ತುದಿ ಸೀಳಿದ ದಪ್ಪ ಪಟ್ಟಿಗಳು ತುಕ್ಕು ಹಿಡಿದಾಗ ಉಬ್ಬಿ ಗಾರೆಯನ್ನು ಮೇಲೆತ್ತುತ್ತವೆ. ಸುಮಾರು ಆರು ವರಸೆಗೊಮ್ಮೆ ಅಡ್ಡ ಬಿರುಕು ಕಾಣುತ್ತದೆ. ತಂತಿಯ ಬಂಧಕಗಳಲ್ಲಿ ಲೋಹ ಕಡಿಮೆ. ಆದುದರಿಂದ ಬಿರುಕಿನ ಸೂಚನೆಯೇ ಇಲ್ಲದೆ ಅವು ತುಂಡಾಗಬಹುದು. ಮುಂದೆ ಬಿರುಗಾಳಿಗೆ ಹೊರಪದರ ಕುಸಿಯುವ ಅಪಾಯವಿದೆ. ಆದ್ದರಿಂದ ಎರಡನೆಯದೇ ಹೆಚ್ಚು ಆತಂಕಕಾರಿ.

ಪರೀಕ್ಷೆಗೆ ಲೋಹಶೋಧಕದಿಂದ ಬಂಧಕದ ಸ್ಥಾನ ಗುರುತಿಸಿ, ಸಣ್ಣ ರಂಧ್ರ ಕೊರೆದು ದರ್ಶಕ ನಳಿಕೆಯಿಂದ ನೋಡುತ್ತಾರೆ. ಟೊಳ್ಳಿನಲ್ಲಿ ಚೆನ್ನಾಗಿ ಕಾಣುವ ಬಂಧಕವೂ ಗಾರೆಯೊಳಗೆ ಸವೆದಿರಬಹುದಾದ್ದರಿಂದ ಕೆಲವು ಇಟ್ಟಿಗೆಗಳನ್ನು ತೆಗೆದು ನೋಡುವುದು ಅಗತ್ಯ. ಪರಿಹಾರವಾಗಿ ಸ್ಟೇನ್‌ಲೆಸ್ ಸ್ಟೀಲ್ ಬಂಧಕಗಳನ್ನು ಕೂರಿಸಲಾಗುತ್ತದೆ. ಹಳೆಯ ದಪ್ಪ ಪಟ್ಟಿಗಳನ್ನು ತೆಗೆಯಬೇಕು, ಇಲ್ಲವೇ ಗಾರೆಯಿಂದ ಬಿಡಿಸಬೇಕು. ಹಾಗೆಯೇ ಬಿಟ್ಟರೆ ಅವು ಉಬ್ಬುತ್ತಲೇ ಇರುತ್ತವೆ.

ನಮ್ಮಲ್ಲಿ ಟೊಳ್ಳುಗೋಡೆಗಳು ವಿರಳ. ಆದರೂ ಗೋಡೆಯಲ್ಲಿ ಹುದುಗುವ ಕೊಂಡಿ, ಪಟ್ಟಿ, ಬೋಲ್ಟುಗಳನ್ನು ತಯಾರಿಸುವವರು ಗಮನಿಸಬೇಕಾದ ಅಂಶಗಳಿವು:

1. ಚದರ ಮೀಟರಿಗೆ 100 ಗ್ರಾಂ ಸತುವೆಂದರೆ ಕೇವಲ 14 ಮೈಕ್ರಾನ್ ದಪ್ಪ. 'ಗ್ಯಾಲ್ವನೈಸ್ಡ್' ಎಂಬ ಪದವೊಂದೇ ಸಾಲದು. ಲೇಪನದ ತೂಕವನ್ನು ದರಪಟ್ಟಿಯಲ್ಲಿ ನಮೂದಿಸುವುದು ಲೇಸು.
2. ಲೇಪನದ ತೂಕದ ಪರೀಕ್ಷೆಗೆ ಐಎಸ್ 6745 ಮಾನಕವಿದೆ.
3. ಕಣ್ಣಿಗೆ ಕಾಣುವ ವಸ್ತುವನ್ನು ಬದಲಿಸಬಹುದು. ಹುದುಗಿದ ವಸ್ತುವನ್ನು ಬದಲಿಸಲು ಗೋಡೆಯನ್ನೇ ಕೊರೆಯಬೇಕು. ಅಂತಹ ವಸ್ತುವಿನ ಬಾಳಿಕೆ ಕಟ್ಟಡದ ಬಾಳಿಕೆಗೆ ಸಮನಾಗಿರಬೇಕು.

ಮಾರಾಟದ ದಿನ ಉಳಿಸಿದ ಕೆಲವು ಗ್ರಾಂ ಸತುವಿನ ಬೆಲೆಯನ್ನು ದಶಕಗಳ ಅನಂತರ ತೆರುವವನು ಮನೆಯ ಒಡೆಯ. ಅವನು ನಮ್ಮ ಗ್ರಾಹಕನೇ ಎಂಬುದನ್ನು ಮರೆಯಲಾಗದು.