ನಿರ್ದೇಶಕರನ್ನು ಹೊರಗೆ ಕರೆದೊಯ್ಯುವ ಮುನ್ನ

ಮಂಗಳೂರಿನ ಕಾವೂರು ಆಸುಪಾಸಿನ ಸಹಕಾರಿ ಸಂಘಗಳಲ್ಲಿ ಆಡಳಿತ ಮಂಡಳಿಯ ಚಿಂತನ ಶಿಬಿರ ಏರ್ಪಡಿಸುವ ಹೊಣೆ ಆಗಾಗ ನನ್ನ ತಲೆಗೇ ಬಂದಿದೆ. ಶಿಬಿರದ ಫಲ ನಿರ್ಧಾರವಾಗುವುದು ಬಸ್ಸು ಹತ್ತುವ ಮೊದಲು ಮತ್ತು ಇಳಿದ ಮೇಲೆ ಎನ್ನುವುದು ನನ್ನ ಲೆಕ್ಕ.

1. ದಿನ ಗೊತ್ತುಮಾಡುವುದೇ ದೊಡ್ಡ ಕೆಲಸ. ನಮ್ಮ ನಿರ್ದೇಶಕರಲ್ಲಿ ಒಬ್ಬರು ದೇವಸ್ಥಾನದ ಮೊಕ್ತೇಸರರು, ಇನ್ನೊಬ್ಬರು ಯಕ್ಷಗಾನ ಸಂಘದವರು. ನವೆಂಬರಿನಿಂದ ಮೇ ಕೊನೆಯ ಪತ್ತನಾಜೆಯವರೆಗೆ ನೇಮ, ಜಾತ್ರೆ, ಆಟ, ಮದುವೆ ಎಂದು ಯಾರೂ ಕೈಗೆ ಸಿಗುವುದಿಲ್ಲ. ಸಿಗುವುದು ಆಟಿಯಲ್ಲಿ, ಜುಲೈ-ಆಗಸ್ಟ್ ನಡುವಿನ ಶುಭಕಾರ್ಯಗಳಿಲ್ಲದ ತುಳು ತಿಂಗಳಲ್ಲಿ. ಆಟಿಯ ಭಾನುವಾರಗಳನ್ನು ಈಗ ‘ಆಟಿಡೊಂಜಿ ದಿನ’ ಕಾರ್ಯಕ್ರಮದವರು ನುಂಗಿಬಿಟ್ಟಿದ್ದಾರೆ, ಶುಕ್ರವಾರ, ಶನಿವಾರ ಹಿಡಿಯಿರಿ. ಮಾರ್ಚ್ 31ರ ಲೆಕ್ಕಪತ್ರ ಆಗ ಮುಂದಿರುತ್ತದೆ, ಸೆಪ್ಟೆಂಬರಿನ ಮಹಾಸಭೆಗೂ ಸಮಯವಿರುತ್ತದೆ.

2. ಕಾವೂರಿನಲ್ಲೇ ಇಟ್ಟರೆ ಊಟಕ್ಕೆ ಮನೆಗೆ ಹೋದವರು ಮರಳುವುದು ಸಂಜೆ ಚಹಾಕ್ಕೆ. ಧರ್ಮಸ್ಥಳವೋ ಸುಬ್ರಹ್ಮಣ್ಯವೋ ಆದರೆ ದರ್ಶನದ ಸಾಲಿನಲ್ಲೇ ಬೆಳಿಗ್ಗೆ ಮುಗಿಯುತ್ತದೆ. ಮೂಡುಬಿದಿರೆ, ಕಾರ್ಕಳದಷ್ಟು ದೂರ ಸಾಕು. ಪುತ್ತೂರಿನ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ ನೋಡಿ ಬರುವಂಥ ಅಧ್ಯಯನ ಪ್ರವಾಸ ಒಳ್ಳೆಯದೇ, ಆದರೆ ಅದನ್ನು ಬೇರೆ ಇಡಿ.

3. ಇಡೀ ಶಿಬಿರಕ್ಕೆ ಒಂದೇ ಪ್ರಶ್ನೆ. ‘ಸಂಘದ ಸರ್ವಾಂಗೀಣ ಅಭಿವೃದ್ಧಿ’ ಎಂದು ಬರೆದರೆ ಸಿಗುವುದು ಬರೀ ಭಾಷಣ. ನಾನು ಮುಂದಿಡುವುದು ಕಾವೂರಿನವರ ಕಣ್ಣೆದುರಿಗಿರುವ ಸಂಗತಿಯನ್ನು. ಇಲ್ಲಿನ ಟೌನ್‌ಶಿಪ್ ಯಾರದ್ದೆಂದು ಕೇಳಿದರೆ ಮಕ್ಕಳೂ ಕೆಐಒಸಿಎಲ್ ಎನ್ನುತ್ತಾರೆ. ಆ ಕಂಪನಿ ಕುದುರೆಮುಖದಲ್ಲಿ ನಡೆಸುತ್ತಿದ್ದ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2002ರಲ್ಲಿ. ಗಣಿ ನಿಂತದ್ದು 2005ರ ಡಿಸೆಂಬರ್ 31ಕ್ಕೆ. ಆಮೇಲೆ ಕಂಪನಿಯ ಪಣಂಬೂರಿನ ಪೆಲೆಟ್ ಘಟಕಕ್ಕೆ ಹೊರಗಿನಿಂದ ಅದಿರು ತರಿಸಬೇಕಾಯಿತು. ಇಷ್ಟು ಹೇಳಿ ಕೇಳುತ್ತೇನೆ: ನಮ್ಮ ಸಂಘದ ಕುದುರೆಮುಖ, ಅಂದರೆ ನಾವು ಪೂರ್ತಿ ನೆಚ್ಚಿಕೊಂಡ ಒಂದೇ ಮೂಲ ಯಾವುದು? ಒಮ್ಮೆ ಎಲ್ಲರೂ ಸುಮ್ಮನಿದ್ದರು. ಹಿರಿಯ ನಿರ್ದೇಶಕರೊಬ್ಬರು ಕನ್ನಡಕ ಹಾಕಿಕೊಂಡು ಬ್ಯಾಲೆನ್ಸ್ ಶೀಟಿನ ಮೇಲೆ ಬೆರಳಾಡಿಸಿ, ಚಿನ್ನಾಭರಣ ಸಾಲದ ಸಾಲಿನಲ್ಲಿ ನಿಲ್ಲಿಸಿದರು. ಚಿನ್ನದ ಬೆಲೆ ಬಿದ್ದರೆ, ಪಕ್ಕದ ಬ್ಯಾಂಕು ಬಡ್ಡಿ ಇಳಿಸಿದರೆ ಏನು ಮಾಡೋಣ ಎಂಬ ಚರ್ಚೆ ರಾತ್ರಿ ಊಟದವರೆಗೂ ನಡೆಯಿತು.

4. ಅಧ್ಯಕ್ಷರು ಕೊನೆಗೆ ಮಾತಾಡಲಿ. ಅವರು ಮೊದಲು ಬಾಯಿ ತೆರೆದರೆ ಉಳಿದವರಿಗೆ ತಲೆಯಾಡಿಸುವುದಷ್ಟೇ ಕೆಲಸ. ಹೊಸಬರಿಂದ, ಮೀಸಲು ಸ್ಥಾನದಿಂದ ಬಂದ ಮಹಿಳೆಯರಿಂದ ಶುರುಮಾಡಿ. ಸುಸ್ತಿದಾರರ ಪಟ್ಟಿಯಲ್ಲಿ ಯಾರ ಮನೆಯಲ್ಲಿ ನಿಜಕ್ಕೂ ಕಷ್ಟವಿದೆ, ಯಾರು ಬೇಕೆಂದೇ ಕಟ್ಟುತ್ತಿಲ್ಲ ಎನ್ನುವುದು ಸ್ವಸಹಾಯ ಗುಂಪು ನಡೆಸಿದ ಹೆಂಗಸಿಗೆ ಗೊತ್ತಿರುವಷ್ಟು ಮ್ಯಾನೇಜರರಿಗೆ ಗೊತ್ತಿರುವುದಿಲ್ಲ. ಸಿಬ್ಬಂದಿಯನ್ನು ಹೊರಗಿಟ್ಟ ಒಂದು ಗಂಟೆಯೂ ಇರಲಿ. ಸಿಬ್ಬಂದಿಯ ಬಗ್ಗೆ ಅವರೆದುರು ಯಾರೂ ಮಾತಾಡುವುದಿಲ್ಲ.

5. ಕನ್ನಡದಲ್ಲಿ ಶುರುವಾದ ಚರ್ಚೆ ಬಿಸಿಯೇರಿದಂತೆ ತುಳುವಿಗೆ ಜಾರುತ್ತದೆ. ತಡೆಯಬೇಡಿ, ಒಳಗಿನ ಮಾತು ಹೊರಬೀಳುವುದು ಆಗಲೇ. ಅದನ್ನು ಆ ರಾತ್ರಿಯೇ ಕನ್ನಡದಲ್ಲಿ ಬರೆದು ಮರುದಿನ ಬೆಳಿಗ್ಗೆ ಓದಿ ಹೇಳಿ. ವಾರ ಬಿಟ್ಟು ಬರೆದರೆ ‘ನಾನು ಹಾಗೆ ಹೇಳಲೇ ಇಲ್ಲ’ ಎನ್ನುವವರು ಹುಟ್ಟಿಕೊಳ್ಳುತ್ತಾರೆ.

6. ಶಿಬಿರ ಮಂಡಳಿಯ ಸಭೆಯಲ್ಲ. ನೋಟಿಸು, ಅಜೆಂಡಾ, ಕೋರಂ ಇಲ್ಲದೆ ಅಲ್ಲಿ ಯಾವ ಠರಾವೂ ಆಗದು. ಒಪ್ಪಿದ್ದನ್ನು ಮುಂದಿನ ಸಭೆಯ ಮೊದಲ ವಿಷಯವಾಗಿ ತನ್ನಿ; ಪ್ರತಿ ಕೆಲಸದ ಎದುರು ಒಬ್ಬರ ಹೆಸರು, ಒಂದು ತಾರೀಕು. ‘ಸಮಿತಿ’ ಎಂದು ಬರೆದ ಕೆಲಸ ಆದದ್ದನ್ನು ನಾನಂತೂ ಕಂಡಿಲ್ಲ.

7. ಖರ್ಚು ಸದಸ್ಯರ ದುಡ್ಡು, ಮಹಾಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಬಜೆಟ್ಟಿಗೆ ಮೊದಲೇ ಮಂಜೂರಾತಿ ಪಡೆದು, ಬಿಲ್ಲುಗಳನ್ನು ಅದೇ ತಿಂಗಳು ಮಂಡಿಸಿ. ಮನೆಯವರನ್ನು ಕರೆತಂದರೆ ಅವರ ಖರ್ಚು ಅವರದ್ದೇ. ಇದನ್ನು ಮಂಜೂರಾತಿಯ ಠರಾವಿನಲ್ಲೇ ಬರೆಸಿಡಿ. ಬಸ್ಸಿನಲ್ಲಿ ಹೇಳಹೋದರೆ ಗುರುಪುರ ದಾಟುವ ಮೊದಲೇ ಜಗಳ.