ಪಿಸ್ತೂಲು ಕೊಳ್ಳಲು ಹೊರಟ ಅಕ್ಕನ ಮಗಳಿಗೆ

ಬೆಂಗಳೂರು

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜು ಓದಿದೆ. ‘ಮಾವ, .177 ತಗೊಳ್ಳಲಾ, .22 ತಗೊಳ್ಳಲಾ? .22 ಏರ್ ಪಿಸ್ತೂಲಿಗೆ ಹೊಡೆತ ಜಾಸ್ತಿ ಅಂತಾರೆ ಅಂಗಡಿಯವರು’ ಅಂತ ಕೇಳಿದ್ದೀಯ. ಎರಡು ಸಾಲಿನ ಪ್ರಶ್ನೆಗೆ ಇಷ್ಟುದ್ದ ಕಾಗದವಾ ಅಂತ ಗೊಣಗಬೇಡ. ಪ್ಯಾರಿಸ್ ಒಲಿಂಪಿಕ್ಸ್ ಆದಮೇಲೆ ಇದೇ ಪ್ರಶ್ನೆಯನ್ನು ಬಹಳ ಮಕ್ಕಳು, ಮಕ್ಕಳಿಗಿಂತ ಹೆಚ್ಚಾಗಿ ಅವರ ಅಪ್ಪಂದಿರು ಕೇಳುತ್ತಿದ್ದಾರೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಆದರೆ ನಿನಗೆ ಅದರಿಂದ ಉಪಯೋಗವಿಲ್ಲ. 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಗೆ 4.5 ಮಿಲಿಮೀಟರ್, ಅಂದರೆ .177 ಬಿಟ್ಟು ಬೇರೆ ಕ್ಯಾಲಿಬರ್ ಇಲ್ಲವೇ ಇಲ್ಲ. .22 ಏರ್ ಪಿಸ್ತೂಲು ಹಿಡಿದು ಹೋದರೆ ತಪಾಸಣೆಯ ಮೇಜು ದಾಟುವುದಿಲ್ಲ. ಹೊಡೆತ ಬೇಕಾದರೂ ಯಾಕೆ? ಎದುರಿಗಿರುವುದು ಕಾಗದ. ಅರ್ಧ ಗ್ರಾಮ್ ತೂಕದ, ಮೂತಿ ಚಪ್ಪಟೆಯಾದ ಪೆಲ್ಲೆಟ್ ಸೆಕೆಂಡಿಗೆ ನೂರೈವತ್ತು-ನೂರರವತ್ತು ಮೀಟರ್ ವೇಗದಲ್ಲಿ ಹೋಗಿ ತೂತು ಹಾಕಿದರೆ ಸಾಕು. ಆ ಶಕ್ತಿ ಲೆಕ್ಕ ಹಾಕಿದರೆ ಆರು ಜೂಲ್ ಆಸುಪಾಸು. ನಮ್ಮ 2016ರ ಆಯುಧ ನಿಯಮಗಳ ಪ್ರಕಾರ .177 ಬೋರಿನ ಒಳಗೆ, 20 ಜೂಲ್ ಮೀರದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಭಾವನವರಿಗೆ ಇದನ್ನು ಓದಿ ಹೇಳು, ಪೊಲೀಸ್ ಸ್ಟೇಷನ್ ಅಲೆಯಬೇಕಾಗುತ್ತೇನೋ ಅಂತ ಅವರಿಗೆ ದಿಗಿಲು.

ಪತ್ರಿಕೆಗಳಲ್ಲಿ ನೀನು ಓದಿದ .22 ಬೇರೆಯೇ. ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು ಏರ್ ಪಿಸ್ತೂಲಿನಲ್ಲಿ. ನಾಲ್ಕನೇ ಸ್ಥಾನಕ್ಕೆ ನಿಂತದ್ದು 25 ಮೀಟರ್ ಪಿಸ್ತೂಲಿನಲ್ಲಿ. ಆ ಎರಡನೆಯದೇ .22 ಲಾಂಗ್ ರೈಫಲ್ ಗುಂಡಿನ ಪಿಸ್ತೂಲು. ಮದ್ದು ಸುಡುವ ನಿಜವಾದ ಬಂದೂಕು ಅದು. ಮೊದಲ ಮೂವತ್ತು ಗುಂಡು ನಿಧಾನದ್ದು, ಐದು ಗುಂಡಿಗೆ ಐದು ನಿಮಿಷ. ಮುಂದಿನ ಮೂವತ್ತರಲ್ಲಿ ಗುರಿ ಏಳು ಸೆಕೆಂಡು ಮರೆಯಾಗಿ ಮೂರೇ ಸೆಕೆಂಡು ಎದುರಾಗುತ್ತದೆ. ಆ ಮೂರು ಸೆಕೆಂಡಿನಲ್ಲಿ ಕೆಳಗಿಳಿಸಿದ ಕೈ ಎತ್ತಿ ಒಂದು ಗುಂಡು ಹಾರಿಸಬೇಕು. ಅದಕ್ಕೆ ಲೈಸೆನ್ಸ್ ಬೇಕು, ಲೈಸೆನ್ಸಿಗೆ ಸಾಮಾನ್ಯವಾಗಿ 21 ತುಂಬಿರಬೇಕು. ಅಲ್ಲಿಯವರೆಗೆ ಕ್ಲಬ್ಬಿನ ಪಿಸ್ತೂಲಿನಲ್ಲಿ, ಕೋಚ್ ಎದುರಿಗೇ ಕಲಿಯಬಹುದು. ನಿನ್ನ ಕೊಡಗಿನ ಗೆಳತಿಯ ಮನೆಯಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇದೆಯಲ್ಲ ಅಂತ ವಾದಕ್ಕೆ ಇಳಿಯಬೇಡ. ಅದು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ, ನಮಗೆ ಅನ್ವಯಿಸುವುದಿಲ್ಲ.

ಇನ್ನು .32 ವಿಷಯ, ಇದು ನಿನ್ನ ತಮ್ಮನಿಗೆ. ಸೆಂಟರ್ ಫೈರ್ ಸ್ಪರ್ಧೆಯನ್ನು ನಮ್ಮಲ್ಲಿ .32ರಲ್ಲೇ ಆಡುತ್ತಾರೆ, ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಅದು ಗಂಡಸರದ್ದು ಮಾತ್ರ. ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 590 ಅಂಕ ಹೊಡೆದು ವಿಶ್ವದಾಖಲೆ ಸರಿಗಟ್ಟಿದ್ದು ಇದೇ ಸ್ಪರ್ಧೆಯಲ್ಲಿ. ಒಲಿಂಪಿಕ್ಸ್‌ನಲ್ಲಿ ಇದಿಲ್ಲ. ನಿನ್ನ ತಮ್ಮ ಫೋನಿನಲ್ಲಿ ನೋಡುವ, ಓಡುತ್ತ ಹೊಡೆಯುವ ಅಮೆರಿಕದ ಪಂದ್ಯಗಳ 9 ಎಂಎಂ ಅಂತೂ ಇಲ್ಲಿ ಪ್ರೊಹಿಬಿಟೆಡ್ ಬೋರ್. ಅದನ್ನು ಮರೆತುಬಿಡಲಿ.

ಇನ್ನೊಂದು ಬಲೆ ಇದೆ. ಯಾರಾದರೂ ಹಳೆಯ ‘ಫ್ರೀ ಪಿಸ್ತೂಲ್’ ಅಗ್ಗಕ್ಕೆ ಕೊಡುತ್ತೇನೆ ಅನ್ನಬಹುದು. ಅದು 50 ಮೀಟರಿನದು, ಒಂದು ಸಲಕ್ಕೆ ಒಂದೇ ಗುಂಡು, ಹಿಡಿ ಇಡೀ ಅಂಗೈಯನ್ನು ಸುತ್ತಿಕೊಳ್ಳುತ್ತದೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರಲ್ಲಿ ರಿಯೊಗೆ ಹೋದದ್ದು ಆ ಸ್ಪರ್ಧೆಗೇ. ರಿಯೊ ಮುಗಿದಮೇಲೆ ಒಲಿಂಪಿಕ್ಸ್‌ನಿಂದ ಅದನ್ನು ಕೈಬಿಟ್ಟು ಮಿಶ್ರ ತಂಡದ ಸ್ಪರ್ಧೆಗಳನ್ನು ತಂದರು. ಆ ಪಿಸ್ತೂಲು 25 ಮೀಟರಿಗೆ ನಡೆಯುವುದಿಲ್ಲ. ಚಂದ ನೋಡಿ ಮರುಳಾಗಬೇಡ, ನೋಡಲು ನಿಜಕ್ಕೂ ಚಂದವೇ.

ಹೀಗೆ ನೋಡಿದರೆ ಕ್ಯಾಲಿಬರ್ ಆರಿಸುವ ಕೆಲಸವೇ ನಿನಗಿಲ್ಲ. ಸ್ಪರ್ಧೆ ಯಾವುದು ಅಂದಕೂಡಲೇ ಅದು ತೀರ್ಮಾನವಾಯಿತು. ನೀನು ತಲೆ ಕೆಡಿಸಿಕೊಳ್ಳಬೇಕಾದದ್ದು ಹಿಡಿಯ ಬಗ್ಗೆ.

ಮ್ಯಾಚ್ ಪಿಸ್ತೂಲಿನ ಹಿಡಿ ಮರದ್ದು, ಹೆಚ್ಚಾಗಿ ವಾಲ್ನಟ್. ಎಡಗೈಯವರಿಗೆ ಬೇರೆ, ಬಲಗೈಯವರಿಗೆ ಬೇರೆ. ಸ್ಮಾಲ್, ಮೀಡಿಯಂ, ಲಾರ್ಜ್ ಅಂತ ಅಳತೆ. ಕಿರುಬೆರಳಿನ ಕೆಳಗೆ ಒಂದು ಚಾಚು ಇರುತ್ತದೆ, ಅಲೆನ್ ಕೀಲಿಯಿಂದ ಸಡಿಲಿಸಿ ಮೇಲೆ ಕೆಳಗೆ ಸರಿಸಬಹುದು. ಬಹಳ ಮಂದಿ ಅದನ್ನು ಬಿಗಿಯಾಗಿ ಏರಿಸಿ ಕೈಯನ್ನು ಇಕ್ಕಳದಲ್ಲಿ ಸಿಕ್ಕಿಸುತ್ತಾರೆ. ಹಾಗೆ ಮಾಡಿದರೆ ಇಪ್ಪತ್ತು ಗುಂಡು ಹೊಡೆಯುವಷ್ಟರಲ್ಲಿ ನಡುಕ ಶುರು. ಚಾಚು ಅಂಗೈ ಅಂಚಿಗೆ ತಾಗಿದರೆ ಸಾಕು.

ಹಿಡಿ ಒಪ್ಪುತ್ತದೋ ಇಲ್ಲವೋ ತಿಳಿಯಲು ಸುಲಭದ ಪರೀಕ್ಷೆ ಹೇಳುತ್ತೇನೆ. ಖಾಲಿ ಪಿಸ್ತೂಲು ಹಿಡಿದು ಬಿಳಿ ಗೋಡೆಯ ಎದುರು ನಿಲ್ಲು. ಕಣ್ಣು ಮುಚ್ಚಿ ಕೈ ಎತ್ತು, ಒಂದೆರಡು ಉಸಿರು ಬಿಡು, ಕಣ್ಣು ತೆರೆ. ಮುಂದಿನ ಸೈಟು ಹಿಂದಿನ ಸೈಟಿನ ಕಚ್ಚಿನ ನಡುವೆ, ಎರಡೂ ಪಕ್ಕ ಒಂದೇ ಅಳತೆಯ ಬೆಳಕು ಬಿಟ್ಟು, ತಲೆ ಸಮನಾಗಿ ಕೂತಿದೆಯೇ ನೋಡು. ಪ್ರತಿಸಲವೂ ಎಡಕ್ಕೇ ಸರಿದಿದ್ದರೆ ಮಣಿಕಟ್ಟು ತಿರುಚಿ ಸರಿಮಾಡಬೇಡ, ಹಿಡಿಯ ಕೋನ ತಿರುಗಿಸು. ಆಮೇಲೆ ತೋರುಬೆರಳು ನೋಡು. ಅದು ಟ್ರಿಗರ್‌ಗೆ ಮಾತ್ರ ತಾಗಬೇಕು. ಬೆರಳಿಗೂ ಮರಕ್ಕೂ ನಡುವೆ ಒಂದು ಕಾಗದ ನುಸುಳಬೇಕು. ಬೆರಳ ಬುಡ ಮರಕ್ಕೆ ಉಜ್ಜಿದರೆ ಎಳೆದಾಗಲೆಲ್ಲ ನಳಿಗೆ ಪಕ್ಕಕ್ಕೆ ವಾಲುತ್ತದೆ. ಮರ ಉಜ್ಜುವ ಜಾಗದಲ್ಲಿ ಉಪ್ಪುಕಾಗದ ಹಾಕಿ ತೆಗೆ, ಟೊಳ್ಳಿರುವ ಕಡೆ ವುಡ್ ಪುಟ್ಟಿ ತುಂಬಿಸಿ ಹಸಿ ಇರುವಾಗಲೇ ಹಿಡಿದು ಅಚ್ಚು ತೆಗೆ. ಲಕ್ಷದ ಮೇಲೆ ಬೆಲೆಯ ವಸ್ತುವಿಗೆ ಉಪ್ಪುಕಾಗದವೇ ಅಂತ ಅಕ್ಕ ಬೊಬ್ಬೆ ಹೊಡೆಯುತ್ತಾಳೆ. ಹೊಡೆಯಲಿ. ಒಳ್ಳೆಯ ಶೂಟರುಗಳ ಹಿಡಿಯೆಲ್ಲ ತೇಪೆ ಹಾಕಿದ್ದೇ. ಮಣಿಕಟ್ಟಿಗೆ ಆಸರೆಯಾಗುವಂತೆ ಮಾತ್ರ ಏನನ್ನೂ ಕಟ್ಟಬೇಡ, ಅದು ನಿಯಮಕ್ಕೆ ವಿರುದ್ಧ.

ಟ್ರಿಗರ್ ವಿಷಯ. ಸ್ಪರ್ಧೆಗಳಲ್ಲಿ ತಪಾಸಣೆಯ ಮೇಜಿನ ಹಿಂದೆ ಕೂತು ನಾನು ನೋಡುವುದು ಇದು: ಪಿಸ್ತೂಲನ್ನು ನಳಿಗೆ ಮೇಲಾಗಿ ನೆಟ್ಟಗೆ ಹಿಡಿದು ಟ್ರಿಗರ್‌ಗೆ 500 ಗ್ರಾಮ್ ತೂಕದ ಬೊಟ್ಟನ್ನು ಕೊಕ್ಕೆಯಿಂದ ಸಿಕ್ಕಿಸಿ ಮೆಲ್ಲಗೆ ಎತ್ತುತ್ತೇವೆ. ಬೊಟ್ಟು ಮೇಜು ಬಿಟ್ಟು ಮೇಲೆದ್ದರೆ ಪಾಸು. ಅಷ್ಟರೊಳಗೆ ಟಕ್ ಅಂದರೆ ಇಲ್ಲ, ಮೂರು ಅವಕಾಶ ಅಷ್ಟೇ. 25 ಮೀಟರ್ ಪಿಸ್ತೂಲಿಗೆ ಅದೇ ಬೊಟ್ಟು ಒಂದು ಕಿಲೋ. ಸರಿಯಾಗಿ 500ಕ್ಕೇ ಇಟ್ಟುಕೊಂಡು ಬಂದ ಮಕ್ಕಳು ಮೇಜಿನ ಮುಂದೆ ಬೆವರುವುದನ್ನು ನೋಡಿದರೆ ಪಾಪ ಅನಿಸುತ್ತದೆ. 515-520ಕ್ಕೆ ಇಟ್ಟುಕೋ, ಆ ಇಪ್ಪತ್ತು ಗ್ರಾಮ್ ನಿನ್ನ ಬೆರಳಿಗೆ ಗೊತ್ತೂ ಆಗುವುದಿಲ್ಲ. ಪಿಸ್ತೂಲಿನ ತೂಕ 1500 ಗ್ರಾಮ್ ಮೀರಕೂಡದು ಅಂತಲೂ ಇದೆ, ಅದು ಚಿಂತೆಯಲ್ಲ. ಒಳ್ಳೆಯವೆಲ್ಲ ಒಂದು ಕಿಲೋ ಒಳಗೋ ಅದರ ಹತ್ತಿರವೋ ಇರುತ್ತವೆ. ತೋಳು ಸಣ್ಣಗಿರುವ ನಿನ್ನಂಥವರಿಗೆ ನಳಿಗೆ ಗಿಡ್ಡದ ಮಾದರಿಗಳೂ ಇವೆ.

ಯಾವ ಕಂಪನಿ ಅಂತ ಕೇಳೇ ಕೇಳುತ್ತೀಯ. ಆಸ್ಟ್ರಿಯದ ಸ್ಟೈಯರ್, ಸ್ವಿಟ್ಜರ್ಲೆಂಡಿನ ಮೊರಿನಿ, ಇಟಲಿಯ ಪಾರ್ದಿನಿ, ಜರ್ಮನಿಯ ವಾಲ್ಟರ್ ಮತ್ತು ಫೈನ್‌ವರ್ಕ್‌ಬಾವ್. ಇವುಗಳಲ್ಲಿ ಯಾವುದೂ ನಿನ್ನ ಅಂಕ ಕಡಿಮೆ ಮಾಡುವುದಿಲ್ಲ. ಚಪ್ಪಲಿ ಮೆಟ್ಟಿ ನೋಡಿ ಕೊಳ್ಳುವ ಹಾಗೆ, ಕೈಯಲ್ಲಿ ಹಿಡಿದು ನೋಡದೆ ಯಾವುದನ್ನೂ ಕೊಳ್ಳಬೇಡ. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಅದನ್ನು ನಮ್ಮೂರ ಕಡೆ ಬಿಚ್ಚಿ ಜೋಡಿಸಬಲ್ಲವರು ಯಾರಿದ್ದಾರೆ? 2021ರಲ್ಲಿ ಟೋಕಿಯೊದಲ್ಲಿ ಮನು ಭಾಕರ್ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೆಟ್ಟಿತು. ರಿಪೇರಿ ಮಾಡಿಸಿ ಮರಳುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಹೋದವು. ಉಳಿದ ಸಮಯದಲ್ಲಿ ಧಾವಂತದಿಂದ ಹೊಡೆದು 575 ಅಂಕ, 12ನೇ ಸ್ಥಾನ. ಎರಡೇ ಅಂಕ ಕಡಿಮೆಬಿದ್ದು ಫೈನಲ್ ತಪ್ಪಿತು. ಎಲ್ಲ ಯಂತ್ರವೂ ಕೆಡುತ್ತದೆ. ನಿನ್ನ ಕೋಚ್ ಬಳಸುವ, ಕ್ಲಬ್ಬಿನಲ್ಲಿ ಮೂರ್ನಾಲ್ಕು ಮಂದಿಯ ಬಳಿ ಇರುವ ಮಾದರಿಯನ್ನೇ ತಗೋ. ವಾಷರ್, ಸೀಲು, ಸ್ಕ್ರೂ ಸಾಲಕ್ಕಾದರೂ ಸಿಗುತ್ತದೆ.

ಸೆಕೆಂಡ್‌ಹ್ಯಾಂಡ್ ಒಳ್ಳೆಯದೇ. ಆದರೆ ಮೊದಲು ಗಾಳಿಯ ಸಿಲಿಂಡರ್ ತಿರುಗಿಸಿ ಅದರ ಮೇಲೆ ಕೆತ್ತಿರುವ ತಾರೀಕು ಓದು. ಇನ್ನೂರು ಬಾರ್ ಒತ್ತಡದ ಗಾಳಿ ತುಂಬುವ ಕೊಳವೆ ಅದು, ಆಯುಸ್ಸು ಹತ್ತು ವರ್ಷ. ಅವಧಿ ಮುಗಿದಿದ್ದರೆ ಪಂದ್ಯಕ್ಕೂ ನಡೆಯುವುದಿಲ್ಲ, ಮನೆಯಲ್ಲಿಡುವುದೂ ಕ್ಷೇಮವಲ್ಲ. ಹೊಸ ಸಿಲಿಂಡರ್ ಬೆಲೆಯನ್ನು ಚೌಕಾಸಿಯಲ್ಲಿ ಸೇರಿಸಿಕೋ. ಸಂಜೆ ಗಾಳಿ ತುಂಬಿಸಿ ಬೆಳಿಗ್ಗೆ ಮುಳ್ಳು ನೋಡು, ಇಳಿದಿದ್ದರೆ ಸೀಲು ಹೋಗಿದೆ. ಕಾಗದಪತ್ರ ಇಲ್ಲದೆ ಬಂದ ಪಿಸ್ತೂಲನ್ನು ಮುಟ್ಟಲೇಬೇಡ, ಎಷ್ಟೇ ಸೋವಿಯಾಗಿರಲಿ.

ಇಷ್ಟೆಲ್ಲ ಹೇಳಿ ಈಗಲೇ ಕೊಳ್ಳಬೇಡ ಅಂದರೆ ನಿನಗೆ ಸಿಟ್ಟು ಬರುತ್ತದೆ. ಆದರೂ ಅನ್ನುತ್ತೇನೆ. ಮೊದಲು ಕ್ಲಬ್ ಸೇರು, ಕ್ಲಬ್ಬಿನ ಪಿಸ್ತೂಲಿನಲ್ಲಿ ಆರು ತಿಂಗಳು ನಿಂತು ಕಲಿ. ಕೈ ಎತ್ತುವ ರೀತಿ, ಪಾದದ ಕೋನ, ಯಾವ ಕಣ್ಣು ಬಲವಾದದ್ದು, ಇವೆಲ್ಲ ಸ್ಥಿರವಾಗುವ ಮೊದಲು ಕೊಂಡ ಹಿಡಿ ಆಮೇಲೆ ಒಪ್ಪುವುದಿಲ್ಲ. ಪ್ಯಾರಿಸ್‌ನಲ್ಲಿ ಜೇಬಲ್ಲಿ ಕೈ ಇಟ್ಟು ಬೆಳ್ಳಿ ಗೆದ್ದ ತುರ್ಕಿಯ ಯೂಸುಫ್ ಡಿಕೆಚ್ ಅವರ ಫೋಟೊ ಕಳಿಸಿ ‘ಇವರಿಗೆ ಏನೂ ಬೇಡವಂತೆ’ ಅಂದಿದ್ದೀಯಲ್ಲ, ಅವರು ಬಿಟ್ಟದ್ದು ವಿಶೇಷ ಕನ್ನಡಕದಂಥ ಸಲಕರಣೆ ಮಾತ್ರ. ಕೈಯಲ್ಲಿದ್ದದ್ದು ಪಂದ್ಯಕ್ಕೆಂದೇ ಮಾಡಿದ ಪಿಸ್ತೂಲೇ, ಹಿಂದೆ ದಶಕಗಳ ಅಭ್ಯಾಸ.

ಬರುವ ರಜೆಗೆ ಇಲ್ಲಿಗೆ ಬಾ, ರೇಂಜಿಗೆ ಕರೆದುಕೊಂಡು ಹೋಗಿ ಮೂರ್ನಾಲ್ಕು ಮಾದರಿ ಕೈಗೆ ಕೊಡಿಸುತ್ತೇನೆ. ಅದಕ್ಕೆ ಮೊದಲು ಒಂದು ಬಿಳಿ ಹಾಳೆಯ ಮೇಲೆ ಬಲ ಅಂಗೈ ಊರಿ, ಬೆರಳು ಬಿಡಿಸಿ, ಸುತ್ತ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ಕಳಿಸು. ಹಿಡಿ ಸ್ಮಾಲಾ ಮೀಡಿಯಮ್ಮಾ ಅಂತ ಕೋಚ್‌ಗೆ ತೋರಿಸಿ ಕೇಳಿಡುತ್ತೇನೆ. ಅಕ್ಕನಿಗೆ, ಭಾವನವರಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಾವ