ತಾರಸಿಯ ನಾಯಿ: ಇಕ್ಕಟ್ಟಿನ ಮನೆಗಳಲ್ಲಿ ಸಾಕುಪ್ರಾಣಿಗಳ ಪಾಲನೆ

ಬಾಪೂಜಿ ನಗರವು ಜಿಲ್ಲಾ ಪಂಚಾಯತಿಯ ವ್ಯಾಪ್ತಿಗೆ ಸೇರಿದ ಊರಲ್ಲ. ಮೈಸೂರು ರಸ್ತೆಗೆ ಹೊಂದಿಕೊಂಡು, ವೃಷಭಾವತಿಯ ಕಣಿವೆಯ ಕಡೆಗೆ ಇಳಿಯುವ ನೆಲದಲ್ಲಿ ಬೆಳೆದಿರುವ, ನಗರದೊಳಗಿನ ಬಡಾವಣೆ ಅದು. ಆದರೂ ಈ ಪಾಠಕ್ಕೆ ಅದನ್ನೇ ಆರಿಸಿಕೊಳ್ಳಲು ಕಾರಣವಿದೆ. ಅದೇ ರಸ್ತೆಯಲ್ಲಿ ಕೆಂಗೇರಿಯನ್ನು ದಾಟಿದರೆ ಕುಂಬಳಗೋಡು, ಒಳಕ್ಕೆ ಹೊರಳಿದರೆ ರಾಮೋಹಳ್ಳಿ, ಸೂಲಿಕೆರೆ. ಈ ಗ್ರಾಮಗಳಲ್ಲಿಯೂ ಹಿತ್ತಿಲು ಮತ್ತು ಕಣಗಳಿದ್ದ ಜಾಗದಲ್ಲಿ ಈಗ 20x30 ಅಡಿಯ ನಿವೇಶನಗಳು, ಗೋಡೆಗೆ ಗೋಡೆ ತಾಗಿದ ಮನೆಗಳು ಏಳುತ್ತಿವೆ. ಹಿತ್ತಿಲಿದ್ದ ಕಾಲದಲ್ಲಿ ನಾಯಿಗೆ ನೆರಳನ್ನು ಯಾರೂ ಒದಗಿಸಬೇಕಾಗಿರಲಿಲ್ಲ. ಹುಣಸೆಮರದ ಬುಡವನ್ನೋ ಹುಲ್ಲಿನ ಬಣವೆಯ ಮಗ್ಗುಲನ್ನೋ ಅದು ತಾನೇ ಹುಡುಕಿಕೊಳ್ಳುತ್ತಿತ್ತು. ಹಿತ್ತಿಲು ಹೋದ ಮೇಲೆ ನಾಯಿ ಮಹಡಿ ಏರಿತು. ಬಾಪೂಜಿ ನಗರದ ಅಡ್ಡರಸ್ತೆಗಳಲ್ಲಿ ನಡೆದುಹೋಗುವವರಿಗೆ ಬೊಗಳುವ ಸದ್ದು ತಲೆಯ ಮೇಲಿನಿಂದ ಕೇಳಿಸುವುದು ಈ ಕಾರಣದಿಂದಲೇ. ಅಲ್ಲಿ ಇಂದು ಇರುವ ಸ್ಥಿತಿ ನಮ್ಮ ಪಂಚಾಯತಿಗಳ ಹೊಸ ಬಡಾವಣೆಗಳಿಗೆ ನಾಳೆ ಬರಲಿದೆ. ಕೆಲವು ಕಡೆ ಬಂದಾಗಿದೆ.

ಕಾದ ಕಾಂಕ್ರೀಟು

ಬೆಂಗಳೂರಿನ ಹವೆ ತಂಪು ಎಂಬ ಮಾತನ್ನು ನಂಬಿ ನಾಯಿಯನ್ನು ತಾರಸಿಯಲ್ಲಿ ಕಟ್ಟುವವರು ಒಂದು ಅಂಕಿಯನ್ನು ನೆನಪಿನಲ್ಲಿಡಬೇಕು. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ಅದು ನೆರಳಿನಲ್ಲಿ ಅಳೆದ ಗಾಳಿಯ ಉಷ್ಣಾಂಶ. ಬಿಸಿಲಿಗೆ ಒಡ್ಡಿಕೊಂಡ ಕಾಂಕ್ರೀಟಿನ ಮೇಲ್ಮೈ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ. ಹೀರಿದ ಶಾಖವನ್ನು ಸಂಜೆ ಕಳೆದು ರಾತ್ರಿಯವರೆಗೂ ನಿಧಾನವಾಗಿ ಹೊರಬಿಡುತ್ತದೆ. ಮನುಷ್ಯನ ತಲೆ ನೆಲದಿಂದ ಐದು ಅಡಿ ಮೇಲಿದ್ದರೆ, ಮಲಗಿದ ನಾಯಿಯ ಹೊಟ್ಟೆ ನೆಲಕ್ಕೇ ಅಂಟಿರುತ್ತದೆ. ಸಂಜೆ ಬಟ್ಟೆ ತೆಗೆಯಲು ಮೇಲೆ ಬಂದವರಿಗೆ ಹಾಯೆನಿಸುವ ತಾರಸಿ, ಅದೇ ಹೊತ್ತಿನಲ್ಲಿ ನಾಯಿಗೆ ಕಾವಲಿಯಾಗಿರಬಹುದು. ಅಂಗೈಯನ್ನು ನೆಲದ ಮೇಲೆ ಊರಿ ಏಳರವರೆಗೆ ಎಣಿಸಲು ಆಗದಿದ್ದರೆ, ಆ ನೆಲ ನಾಯಿಯ ಪಾದಕ್ಕೂ ತಕ್ಕುದಲ್ಲ.

ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರುವ ಅನುಕೂಲವಿಲ್ಲ. ಅಂಗಾಲುಗಳಲ್ಲಿ ಸ್ವಲ್ಪ ಬೆವರುತ್ತದೆ. ಉಳಿದಂತೆ ನಾಲಿಗೆ ಚಾಚಿ ಏದುವುದೊಂದೇ ಅದರ ದಾರಿ. ಮೂಗು ಚಪ್ಪಟೆಯಾದ ಪಗ್, ಶಿಟ್ಸು ಮುಂತಾದ ತಳಿಗಳಿಗೆ ಆ ದಾರಿಯೂ ಅರ್ಧ ಮುಚ್ಚಿದೆ. ಹಿಮಪ್ರದೇಶದ ಹಸ್ಕಿಯನ್ನು ಸಾವಿರಾರು ರೂಪಾಯಿ ತೆತ್ತು ತಂದು ಮೂರನೆಯ ಮಹಡಿಯ ಶೀಟಿನ ಕೆಳಗೆ ಕಟ್ಟುವುದು ಪ್ರೀತಿಯೇ ಇರಬಹುದು, ವಿವೇಕವಲ್ಲ. ನಾಟಿ ನಾಯಿಯ ಮೈಗೂದಲು ಗಿಡ್ಡ, ಮೂತಿ ಉದ್ದ. ಈ ಹವೆಗೆ ಒಗ್ಗಿದ ದೇಹ ಅದರದು. ಹೊಸದಾಗಿ ಸಾಕಲು ಬಯಸುವ ಸಣ್ಣ ಮನೆಯವರು ಮೊದಲು ಅದನ್ನು ಪರಿಗಣಿಸುವುದು ಒಳಿತು. ನಮ್ಮ ರಾಜ್ಯದ ಹೆಮ್ಮೆಯಾದ ಮುಧೋಳ ತಳಿ ಬಿಸಿಲನ್ನು ತಡೆದೀತು. ಆದರೆ ಓಡುವುದಕ್ಕೆಂದೇ ಹುಟ್ಟಿದ ಆ ಬೇಟೆನಾಯಿಗೆ ಆರು ಅಡಿಯ ಸರಪಳಿ ಸೆರೆಮನೆಯೇ ಸರಿ.

ತಾರಸಿಯ ಹೊರತು ಬೇರೆ ಜಾಗವೇ ಇಲ್ಲದವರು ಮಾಡಬಹುದಾದದ್ದು ಬಹಳವಿದೆ, ಖರ್ಚು ಕಡಿಮೆ. ಮೆಟ್ಟಿಲು ಕೋಣೆಯ ಪೂರ್ವ ಬದಿಗೆ ಮಧ್ಯಾಹ್ನದ ನಂತರ ತಾನಾಗಿಯೇ ನೆರಳು ಬೀಳುತ್ತದೆ. ನಾಯಿಯ ಸ್ಥಳ ಅಲ್ಲಿರಲಿ, ಬೆಳಗಿನ ಬಿಸಿಲಿಗೆ ಒಂದು ಹಸಿರು ನೆರಳುಬಲೆ ಸಾಕು. ತಲೆಗೆ ತಾಗುವಷ್ಟು ತಗ್ಗಿನಲ್ಲಿ ಹಾಕಿದ ಕಬ್ಬಿಣದ ಶೀಟು ನೆರಳಿನ ಜೊತೆಗೆ ಶಾಖವನ್ನೂ ಕೊಡುತ್ತದೆ. ಶೀಟೇ ಆಗಬೇಕಿದ್ದರೆ ಎತ್ತರಿಸಿ, ಎರಡು ಬದಿ ಗಾಳಿಗೆ ಬಿಟ್ಟು, ಮೇಲೆ ಬಿಳಿ ಬಳಿಯಬೇಕು. ಮಲಗುವ ಹಲಗೆಯನ್ನು ನಾಲ್ಕು ಇಟ್ಟಿಗೆಗಳ ಮೇಲೆ ಇರಿಸಿದರೆ ಅಡಿಯಲ್ಲಿ ಗಾಳಿ ಆಡುತ್ತದೆ, ಮಳೆಯ ನೀರೂ ಹರಿದುಹೋಗುತ್ತದೆ. ನೆಲಕ್ಕೆ ಸುಣ್ಣ ಬಳಿದರೆ ಕೆಳಗಿನ ಕೋಣೆಯವರಿಗೂ ತಂಪು. ಆದರೆ ಸುಣ್ಣ ಪೂರ್ತಿ ಒಣಗುವವರೆಗೆ ಪ್ರಾಣಿಯನ್ನು ಮೇಲೆ ಬಿಡಬಾರದು.

ನೀರಿನ ವಿಷಯದಲ್ಲಿ ಸ್ಟೀಲ್ ಬಟ್ಟಲಿಗಿಂತ ಬಾಯಗಲದ ಮಣ್ಣಿನ ಬಾನಿ ಮೇಲು; ಅದರ ಮೈಯಿಂದ ನೀರು ಆವಿಯಾಗುತ್ತ ಒಳಗಿನದು ತಂಪಾಗಿರುತ್ತದೆ, ಭಾರವಿರುವುದರಿಂದ ನಾಯಿ ಉರುಳಿಸುವುದೂ ಇಲ್ಲ. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 50-60 ಮಿಲಿಲೀಟರ್ ಎಂಬುದು ಸಾಮಾನ್ಯ ಲೆಕ್ಕ; ಅಂದರೆ 20 ಕಿಲೋ ತೂಗುವ ನಾಯಿಗೆ ಲೀಟರಿಗೂ ಮೇಲೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಕಾವೇರಿ ನೀರು ಬರುವ ದಿನವನ್ನು ಎಣಿಸುವ ಮನೆಗಳಲ್ಲಿ ಈ ಒಂದು ಲೀಟರ್ ಮೊದಲು ಮರೆತುಹೋಗುತ್ತದೆ. ಮಧ್ಯಾಹ್ನ ಕರಿಯ ಟ್ಯಾಂಕಿನ ನಲ್ಲಿಯಿಂದ ಬರುವ ನೀರು ಸ್ನಾನಕ್ಕಾಗುವಷ್ಟು ಬಿಸಿ ಇರುತ್ತದೆ. ಕುಡಿಯುವ ನೀರನ್ನು ಬೆಳಗ್ಗೆಯೇ ಹಿಡಿದು ನೆರಳಿನಲ್ಲಿಡಬೇಕು.

ಏದುವಿಕೆ ನಿಲ್ಲದೆ, ಜೊಲ್ಲು ಅಂಟಾಗಿ ಸುರಿದು, ಒಸಡು ಕಡುಗೆಂಪಾಗಿ, ನಡಿಗೆ ತೂರಾಡತೊಡಗಿದರೆ ಅದು ಶಾಖಾಘಾತ. ನಾಯಿಯ ಸಹಜ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದರೆ ಅಪಾಯ. ಆಗ ನೆರಳಿಗೆ ತಂದು, ಹೊಟ್ಟೆ, ತೊಡೆಸಂದು ಮತ್ತು ಪಾದಗಳಿಗೆ ಸಾಧಾರಣ ನೀರು ಸುರಿದು ಗಾಳಿ ಬೀಸುತ್ತಲೇ ವೈದ್ಯರಲ್ಲಿಗೆ ಕೊಂಡೊಯ್ಯಬೇಕು. ಒದ್ದೆ ಕಂಬಳಿಯಲ್ಲಿ ಸುತ್ತಿಡುವುದು, ಪ್ರಜ್ಞೆ ತಪ್ಪಿದ ಪ್ರಾಣಿಯ ಬಾಯಿಗೆ ನೀರು ಹೊಯ್ಯುವುದು ಎರಡೂ ತಪ್ಪು.

ಸರಪಳಿ ಮತ್ತು ಕಾನೂನು

ತಾರಸಿಯಲ್ಲಿ ಸಾವು ಬರುವ ಇನ್ನೊಂದು ದಾರಿ ಪ್ಯಾರಾಪೆಟ್ ಗೋಡೆ. ಅಕ್ಕಪಕ್ಕದ ತಾರಸಿಗಳ ನಡುವೆ ಎರಡು ಮೂರು ಅಡಿಯಷ್ಟೇ ಅಂತರವಿರುವಾಗ ಬೆಕ್ಕನ್ನು ಕಂಡ ನಾಯಿ ಗೋಡೆ ಹಾರುತ್ತದೆ. ಸರಪಳಿ ಗೋಡೆಯನ್ನು ದಾಟುವಷ್ಟು ಉದ್ದವಿದ್ದು, ನೆಲ ಮುಟ್ಟುವಷ್ಟು ಇಲ್ಲದಿದ್ದರೆ ಅದು ನೇಣಾಗುತ್ತದೆ. ಕಟ್ಟುವ ಕೊಂಡಿ ತಾರಸಿಯ ನಡುಭಾಗದ ಕಡೆಗಿರಲಿ. ಸರಪಳಿಯನ್ನು ಪೂರ್ತಿ ಎಳೆದರೂ ನಾಯಿಯ ಮುಂಗಾಲು ಗೋಡೆಯನ್ನು ಮುಟ್ಟಬಾರದು. ಅಳತೆಯನ್ನು ಒಮ್ಮೆ ಟೇಪು ಹಿಡಿದು ನೋಡುವುದು ಐದು ನಿಮಿಷದ ಕೆಲಸ. ಇದರ ಅರ್ಥ ಸರಪಳಿಯನ್ನು ಗಿಡ್ಡ ಮಾಡಿ ಇಡೀ ದಿನ ಕಟ್ಟಬೇಕೆಂದಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೆಯ ಪ್ರಕರಣವು ವಿಪರೀತ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟುವುದನ್ನು, ಯಾವಾಗಲೂ ಕಟ್ಟಿಹಾಕಿರುವ ನಾಯಿಗೆ ವ್ಯಾಯಾಮ ಕೊಡದಿರುವುದನ್ನು, ಸಾಕಷ್ಟು ಆಹಾರ, ನೀರು, ಆಸರೆ ಒದಗಿಸದಿರುವುದನ್ನು ಕ್ರೌರ್ಯವೆಂದೇ ಹೆಸರಿಸಿದೆ. ಅರವತ್ತು ವರ್ಷಗಳಿಗೂ ಹಿಂದಿನ ಈ ಅಧಿನಿಯಮವು ತಾರಸಿಯ ನಾಯಿಯನ್ನು ಕಣ್ಣಾರೆ ಕಂಡು ಬರೆದಂತಿದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕೆಳಗಿಳಿಸಿ ಅರ್ಧ ಗಂಟೆ ನಡೆಸುವುದು ಕನಿಷ್ಠ ಕರ್ತವ್ಯ. ಬೇಸತ್ತ ನಾಯಿ ರಾತ್ರಿಯೆಲ್ಲ ಬೊಗಳುತ್ತದೆ, ನೆರೆಹೊರೆಯವರ ದೂರು ಪಂಚಾಯತಿಗೆ ಬರುತ್ತದೆ. ಇಂತಹ ಎಷ್ಟೋ ದೂರುಗಳಿಗೆ ನಡಿಗೆಯೇ ಪರಿಹಾರ.

ಅಡುಗೆಮನೆ, ಮಳೆನೀರು, ಬೆಕ್ಕು

ಮುದ್ದೆ, ಅನ್ನ, ಮೊಸರು, ಬೇಯಿಸಿದ ಮೊಟ್ಟೆ ನಾಯಿಗೆ ಹಾಕುವುದರಲ್ಲಿ ತಪ್ಪಿಲ್ಲ. ಮಾಂಸಾಂಶ ಸಾಲದಿದ್ದರೆ ಮೊಟ್ಟೆಯನ್ನೋ ಕೋಳಿಯ ಮಾಂಸವನ್ನೋ ಹೆಚ್ಚಿಸಬೇಕು. ತಪ್ಪಾಗುವುದು ಮಿಕ್ಕ ಸಾರನ್ನು ಹಾಗೆಯೇ ಸುರಿದಾಗ. ಈರುಳ್ಳಿ, ಬೆಳ್ಳುಳ್ಳಿ ನಾಯಿ ಮತ್ತು ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಕೂಡದು. ಬೇಯಿಸಿದ ಕೋಳಿ ಮೂಳೆ ಸಿಬಿರಾಗಿ ಕರುಳನ್ನು ಚುಚ್ಚುತ್ತದೆ. ಮನೆಯವರ ಮಾತ್ರೆಗಳನ್ನು ಪ್ರಾಣಿಗೆ ಕೊಡಲೇಬಾರದು. ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲುದು. ಫಿನಾಯಿಲ್‌ನಿಂದ ಒರೆಸಿದ ನೆಲದ ಮೇಲೆ ನಡೆದ ಬೆಕ್ಕು ಪಾದವನ್ನು ನೆಕ್ಕಿಕೊಂಡಾಗಲೂ ವಿಷವೇರುತ್ತದೆ. ಹಾಲು ಕುಡಿದ ದೊಡ್ಡ ಬೆಕ್ಕಿಗೆ ಭೇದಿಯಾದರೆ ಹಾಲು ಕೆಟ್ಟಿತ್ತೆಂದು ಅರ್ಥವಲ್ಲ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗುವುದಿಲ್ಲ.

ಮಳೆಗಾಲದಲ್ಲಿ ತಗ್ಗಿನ ಬೀದಿಗಳಲ್ಲಿ ನಿಲ್ಲುವ ನೀರಿನೊಂದಿಗೆ ಇಲಿ ಹೆಗ್ಗಣಗಳ ಮೂತ್ರವೂ ಬೆರೆತಿರುತ್ತದೆ. ಇಲಿಜ್ವರವು ಆ ನೀರಿನಿಂದ ನಾಯಿಗೂ, ಸೋಂಕಿದ ನಾಯಿಯ ಮೂತ್ರದಿಂದ ಮನುಷ್ಯರಿಗೂ ತಗಲುತ್ತದೆ. ನಡಿಗೆಯಿಂದ ಮರಳಿದ ನಾಯಿಯ ಕಾಲನ್ನು ತೊಳೆದು ಒರೆಸಿ, ಕಿವಿಯ ಹಿಂಭಾಗ ಮತ್ತು ಬೆರಳ ಸಂದಿಗಳಲ್ಲಿ ಉಣ್ಣೆಗಳಿವೆಯೇ ಎಂದು ನೋಡಬೇಕು. ಉಣ್ಣೆ ತರುವ ಜ್ವರ ನಾಯಿಯನ್ನು ಸದ್ದಿಲ್ಲದೆ ಸೊರಗಿಸುತ್ತದೆ.

ಪಂಜರದ ಹಕ್ಕಿಗಳ ಬಗ್ಗೆ ಒಂದೇ ಮಾತು. ನಮ್ಮ ನಾಡಿನ ಹಸಿರು ಗಿಳಿಯನ್ನಾಗಲಿ ನಕ್ಷತ್ರ ಆಮೆಯನ್ನಾಗಲಿ ಮನೆಯಲ್ಲಿ ಇಟ್ಟುಕೊಳ್ಳುವುದು ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರ ಪ್ರಕಾರ ಅಪರಾಧ. ಅದೃಷ್ಟ ತರುತ್ತದೆಂದು ಮಾರುವವರ ಮಾತು ಇದಕ್ಕೆ ವಿನಾಯಿತಿಯಾಗದು.

“ಕೆಳಗಿಳಿಯದ ನಾಯಿಗೆ ಲಸಿಕೆ ಏಕೆ?”

ತಾರಸಿಯ ನಾಯಿಯನ್ನು ಸಾಕಿದವರು ಬಹುಮಟ್ಟಿಗೆ ಕೇಳುವ ಪ್ರಶ್ನೆ ಇದು, ಮತ್ತು ಈ ಪಾಠದ ತಿರುಳು ಇದಕ್ಕೆ ಕೊಡಬೇಕಾದ ಉತ್ತರದಲ್ಲಿದೆ. ತಾರಸಿಗೆ ಬೆಕ್ಕು ಬರುತ್ತದೆ. ಗೇಟು ತೆರೆದ ಒಂದು ಕ್ಷಣದಲ್ಲಿ ನಾಯಿ ಬೀದಿಗಿಳಿಯುತ್ತದೆ. ದೀಪಾವಳಿಯ ಪಟಾಕಿಗೆ ಬೆದರಿ ಸರಪಳಿ ಹರಿದುಕೊಂಡು ಓಡಿದ ನಾಯಿ ಎರಡು ದಿನ ಕಳೆದು ಮರಳುತ್ತದೆ. ಆ ಎರಡು ದಿನ ಅದು ಯಾವುದರೊಡನೆ ಕಚ್ಚಾಡಿತೆಂದು ಯಾರೂ ಬಲ್ಲವರಿಲ್ಲ. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ನಾಯಿಗೂ ಮನುಷ್ಯನಿಗೂ ಸಾವು ಬಹುತೇಕ ನಿಶ್ಚಿತ. ಸೋಂಕಿನಿಂದ ಲಕ್ಷಣದವರೆಗೆ ಮನುಷ್ಯರಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ಕೆಲವೊಮ್ಮೆ ಒಂದು ವಾರಕ್ಕೂ ಕಡಿಮೆ, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು. ಈ ಕಾರಣಕ್ಕಾಗಿಯೇ ಕರ್ನಾಟಕ ಸರ್ಕಾರವು 2022ರ ಡಿಸೆಂಬರ್‌ನಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು.

ಮರಿಗೆ ಆರರಿಂದ ಎಂಟು ವಾರಗಳಾದಾಗ ಪಾರ್ವೊ, ಡಿಸ್ಟೆಂಪರ್ ಮುಂತಾದವುಗಳ ವಿರುದ್ಧ ಸಂಯುಕ್ತ ಲಸಿಕೆಯನ್ನು ಆರಂಭಿಸಿ, ಮೂರು ನಾಲ್ಕು ವಾರಗಳ ಅಂತರದಲ್ಲಿ ಹದಿನಾರು ವಾರಗಳವರೆಗೆ ಮುಂದುವರಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ. ನಂತರ ವರ್ಷಕ್ಕೊಮ್ಮೆ, ತಪ್ಪದೆ. ಬೆಕ್ಕಿಗೂ ರೇಬೀಸ್ ಲಸಿಕೆ ಬೇಕು. ಜಂತುಹುಳುವಿನ ಔಷಧ ಬೆಳೆದ ನಾಯಿಗೆ ಮೂರು ತಿಂಗಳಿಗೊಮ್ಮೆ. ಬೀದಿನಾಯಿಗಳ ಹೊಣೆ ಸ್ಥಳೀಯ ಸಂಸ್ಥೆಯದಾದರೆ, ಸಾಕಿದ ಪ್ರಾಣಿಯ ಲಸಿಕೆ, ಜಂತುನಿವಾರಣೆ, ಸಂತಾನಹರಣ ಚಿಕಿತ್ಸೆಗಳ ಹೊಣೆ ಮಾಲೀಕರದೇ ಎಂದು ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023 ಸ್ಪಷ್ಟಪಡಿಸಿವೆ. ಲಸಿಕೆಯ ಪುಸ್ತಕವನ್ನು ಪಡಿತರ ಚೀಟಿಯ ಜೊತೆಯಲ್ಲಿಯೇ ಇಟ್ಟರೆ ಬೇಕಾದಾಗ ಸಿಗುತ್ತದೆ. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ಘಟಕಕ್ಕೆ 1962ಕ್ಕೆ ಕರೆ ಮಾಡಬಹುದು. ಸೆಪ್ಟೆಂಬರ್ 28, ಲೂಯಿ ಪಾಶ್ಚರ್ ತೀರಿಕೊಂಡ ದಿನ, ವಿಶ್ವ ರೇಬೀಸ್ ದಿನ. ಅದರ ಆಸುಪಾಸಿನಲ್ಲಿ ನಡೆಯುವ ಲಸಿಕಾ ಶಿಬಿರಗಳ ಸ್ಥಳ ಮತ್ತು ಹೊತ್ತನ್ನು ಸೂಚನಾ ಫಲಕದಲ್ಲಿ ಮುಂಚಿತವಾಗಿ ಪ್ರಕಟಿಸುವುದು ಗ್ರಾಮ ಪಂಚಾಯತಿ ಸಿಬ್ಬಂದಿಯಿಂದ ಆಗಬಹುದಾದ ಕೆಲಸ.

ಇಷ್ಟಾಗಿಯೂ ಕಚ್ಚಿದರೆ, ಅಥವಾ ಉಗುರಿನಿಂದ ಪರಚಿ ರಕ್ತ ಜಿನುಗಿದರೆ, ಮೊದಲ ಚಿಕಿತ್ಸೆ ನಲ್ಲಿಯ ಕೆಳಗೆ ನಡೆಯಬೇಕು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಕಾಫಿಪುಡಿ, ಸುಣ್ಣ, ಮೆಣಸಿನಪುಡಿ ಯಾವುದನ್ನೂ ಹಚ್ಚಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೆಯ ದಿನಗಳು. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 14ನೆಯ ದಿನವೂ ಸೇರುತ್ತದೆ. ಗಾಯದಿಂದ ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು; ವೈದ್ಯರನ್ನು ಕೇಳಿ ಪಡೆಯಬೇಕು. “ನಮ್ಮದೇ ನಾಯಿ, ಮಗುವಿನೊಡನೆ ಆಡುವಾಗ ಹಲ್ಲು ತಾಗಿತು” ಎಂದು ಸುಮ್ಮನಿರುವುದು, ಬೈಗುಳಕ್ಕೆ ಹೆದರಿ ಮಗು ಗಾಯವನ್ನು ಮುಚ್ಚಿಡುವುದು, ಇವೆರಡೇ ಅನಾಹುತಕ್ಕೆ ಸಾಕು. ನಾಯಿ ಇರುವ ಮನೆಯ ಮಕ್ಕಳಿಗೆ ಗಾಯವಾದರೆ ಹೇಳಬೇಕೆಂದೂ, ಹೇಳಿದರೆ ಯಾರೂ ಗದರುವುದಿಲ್ಲವೆಂದೂ ಮೊದಲೇ ತಿಳಿಸಿರಬೇಕು.

ಕಚ್ಚಿದ ನಾಯಿಯನ್ನು ಹೊಡೆದು ಓಡಿಸುವುದು, ದೂರ ಒಯ್ದು ಬಿಟ್ಟುಬರುವುದು ಸಲ್ಲದು. ಹತ್ತು ದಿನ ಅದು ಕಣ್ಣೆದುರಿಗೇ ಇರಬೇಕು. ಹತ್ತು ದಿನಗಳ ನಂತರವೂ ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗಾಣು ಇರಲಿಲ್ಲವೆಂದು ವೈದ್ಯರು ತೀರ್ಮಾನಿಸಿ ಮುಂದಿನ ಚುಚ್ಚುಮದ್ದುಗಳ ಬಗ್ಗೆ ಹೇಳಬಲ್ಲರು. ನಾಯಿಯೇ ಇಲ್ಲವಾದರೆ ಆ ದಾರಿ ಮುಚ್ಚುತ್ತದೆ. ಆ ಹತ್ತು ದಿನ ಮಕ್ಕಳನ್ನು ದೂರವಿರಿಸಿ, ಒಬ್ಬರೇ ಹೊತ್ತುಹೊತ್ತಿಗೆ ಊಟವಿಟ್ಟು, ಮೆಟ್ಟಿಲು ಕೋಣೆಯ ನೆರಳಿನಲ್ಲಿ, ತುಂಬಿದ ಬಾನಿಯ ಪಕ್ಕದಲ್ಲಿ ಅದನ್ನು ಕಟ್ಟಬೇಕು. ಮಂಕಾದರೆ, ಊಟ ಬಿಟ್ಟರೆ, ಸ್ವರ ಬದಲಾದರೆ ಅಂದೇ ಪಶುವೈದ್ಯರಿಗೂ ಆಸ್ಪತ್ರೆಗೂ ತಿಳಿಸಬೇಕು.